ಎಂಜಿನ್ ಬಿಸಿಯೇ ಆಗುತ್ತಿರಲಿಲ್ಲ: ಮೈಲೇಜ್ ಹುಡುಕಾಟದ ಟಿಪ್ಪಣಿ

ಮೊದಲು ಅಳತೆ

ನಮ್ಮದು 2014ರ ಪೆಟ್ರೋಲ್ ಗಾಡಿ, 1.2 ಲೀಟರ್ ಎಂಜಿನ್. ಹಾಸನ–ಚನ್ನರಾಯಪಟ್ಟಣ ಹೆದ್ದಾರಿಯಲ್ಲಿ ಲೀಟರಿಗೆ 17 ಕಿ.ಮೀ. ಕೊಡುತ್ತಿತ್ತು. ಕಳೆದ ಬೇಸಿಗೆಯಿಂದ 12ಕ್ಕೆ ಇಳಿದಿದೆ. ಓಡಿಸುವ ಕೈ ಅದೇ, ರಸ್ತೆಯೂ ಅದೇ.

ಮೀಟರ್ ಬೋರ್ಡ್ ತೋರಿಸುವ ಮೈಲೇಜನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಫುಲ್ ಟ್ಯಾಂಕ್ ಹಾಕಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಮುಂದಿನ ಸಲ ಅದೇ ಬಂಕಿನಲ್ಲಿ ನಾಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸುವುದು, ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸುವುದು. ಒಂದೇ ಟ್ಯಾಂಕ್ ನಂಬಬಾರದು. ಹಲವು ಸಲ ಹೀಗೆ ತುಂಬಿಸಿದ ಮೇಲೂ 12 ಅಂತಲೇ ಬಂತು.

ಸುಲಭದವು

ಟೈರ್ ಗಾಳಿ 26 ಪಿಎಸ್ಐಗೆ ಇಳಿದಿತ್ತು. ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಇರುವಂತೆ 33 ಮಾಡಿದೆ. ಸ್ಟೀರಿಂಗ್ ಹಗುರವಾಯಿತು, ಆದರೆ ಮೈಲೇಜಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಏರ್ ಫಿಲ್ಟರ್ ಕ್ಲೀನಾಗಿಯೇ ಇತ್ತು. ಅಂದಹಾಗೆ, ಇಂಜೆಕ್ಷನ್ ಗಾಡಿಗಳಲ್ಲಿ ಫಿಲ್ಟರ್ ಕೊಳೆಯಾದರೆ ಪಿಕಪ್ ಹೋಗುತ್ತದೆ, ಮೈಲೇಜ್ ಅಷ್ಟೇನೂ ಕೆಡುವುದಿಲ್ಲ. ಬರುವ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಪೆಟ್ರೋಲ್ ಸೋರಿಕೆ ಎಲ್ಲೂ ಇಲ್ಲ, ವಾಸನೆಯೂ ಇಲ್ಲ.

ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಸುಳಿವು ಸಿಕ್ಕಿತು. ತುದಿಯ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿರಬೇಕು. ನಾಲ್ಕರಲ್ಲೂ ಒಣ ಕಪ್ಪು ಮಸಿ, ಬೆರಳಿಗೆ ಹತ್ತುತ್ತಿತ್ತು. ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಸಿಲಿಂಡರಿನದ್ದೇ ತೊಂದರೆ. ನಾಲ್ಕೂ ಕಪ್ಪು ಅಂದರೆ ಇಡೀ ಎಂಜಿನ್‌ಗೇ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ.

ಸ್ಕ್ಯಾನರ್ ಹಾಕಿದ ಮೇಲೆ

ಗ್ಯಾರೇಜಿನಲ್ಲಿ ಪ್ಲಗ್ ನೋಡಿದ ಕೂಡಲೇ, 'ಸಾರ್, ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕಿಬಿಡೋಣ' ಅಂದರು. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆದು ಇಸಿಯುಗೆ ಹೇಳುವ ಸೆನ್ಸರ್ ಅದು. ಸಾವಿರಾರು ರೂಪಾಯಿ ಕೊಡುವ ಮುಂಚೆ ಒಮ್ಮೆ ನೋಡೋಣ ಅಂತ ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಇಸಿಯುವಿನ ಮಾಹಿತಿ ಓದುವ ಸಾಕೆಟ್) ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ರೀಡಿಂಗ್ ತೆಗೆದೆ.

ಆಕ್ಸಿಜನ್ ಸೆನ್ಸರ್ ವೋಲ್ಟೇಜ್ 0.1ರಿಂದ 0.9ರ ನಡುವೆ ಚುರುಕಾಗಿ ಏರಿಳಿಯುತ್ತಿತ್ತು. ಚೆನ್ನಾಗಿರುವ ಸೆನ್ಸರ್ ಹಾಗೇ ಆಡಬೇಕು. ಕೆಟ್ಟಿದ್ದರೆ ಒಂದೇ ಕಡೆ ಅಂಟಿಕೊಂಡಿರುತ್ತದೆ, ಇಲ್ಲವೇ ತೂಕಡಿಸುತ್ತದೆ. ಸೆನ್ಸರ್ ಹೇಳಿದ್ದನ್ನು ನೋಡಿ ಇಸಿಯು ಪೆಟ್ರೋಲಿಗೆ ಮಾಡಿಕೊಳ್ಳುವ ತಿದ್ದುಪಡಿ, ಅಂದರೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಶೇ. 5ರ ಒಳಗೇ ಇತ್ತು. ಅಲ್ಲಿಗೆ ಸೆನ್ಸರ್ ಬದಲಾಯಿಸುವ ಮಾತು ಬಿಟ್ಟೆ.

ಕಣ್ಣಿಗೆ ಬಿದ್ದದ್ದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನ. ಬಿ.ಎಂ. ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳುವಾಗ 80 ಡಿಗ್ರಿ ಮುಟ್ಟುತ್ತಿತ್ತು. ಊರು ದಾಟಿ ಹೆದ್ದಾರಿಯಲ್ಲಿ 80ರ ವೇಗ ಹಿಡಿದರೆ ಇಳಿಯತೊಡಗುತ್ತಿತ್ತು. 74, 68, ಆಮೇಲೆ 61. ಶಾಂತಿಗ್ರಾಮದ ಟೋಲಿನಲ್ಲಿ ನಿಂತರೆ ಮತ್ತೆ ಏರಿಕೆ. ಓಡಿದಷ್ಟೂ ಎಂಜಿನ್ ತಣ್ಣಗಾಗುವುದು ಅಂದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ವಾಲ್ವ್) ಮುಚ್ಚಿಕೊಳ್ಳುತ್ತಿಲ್ಲ. ರೇಡಿಯೇಟರಿಗೆ ನೀರು ಸದಾ ಹರಿಯುತ್ತಿದೆ, ಎದುರುಗಾಳಿ ಅದನ್ನು ತಣಿಸುತ್ತಿದೆ.

ನಮ್ಮ ಗಾಡಿಯಲ್ಲಿ ತಾಪಮಾನದ ಮುಳ್ಳು ಇಲ್ಲ, ನೀಲಿ ದೀಪ ಒಂದೇ. ಅದು ಆರಿದರೆ ಬಿಸಿಯಾಯ್ತು ಅಂದುಕೊಳ್ಳುತ್ತೇವೆ, ಅಲ್ವಾ? ಈ ಗಾಡಿಯಲ್ಲಿ 60 ಮುಟ್ಟುವ ಮುಂಚೆಯೇ ಆರುತ್ತದೆ. ಚೆಕ್ ಎಂಜಿನ್ ದೀಪವೂ ಹತ್ತಿರಲಿಲ್ಲ. ಇತ್ತ ಇಸಿಯು ಮಾತ್ರ ಎಂಜಿನ್ ಇನ್ನೂ ಬಿಸಿಯಾಗುತ್ತಿದೆ ಅಂತ ಎಣಿಸಿ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಪೆಟ್ರೋಲ್ ಸೇರಿಸಿ ಕೊಡುತ್ತದೆ. ಆಯಿಲ್ಲೂ ದಪ್ಪಗೇ ಉಳಿದು ಎಂಜಿನ್ ಭಾರವಾಗಿ ತಿರುಗುತ್ತದೆ.

ಬಿಚ್ಚಿದರೆ ಒಳಗೆ ಏನೂ ಇಲ್ಲ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ಇಳಿಸಿ, ಎರಡು ಬೋಲ್ಟ್ ಬಿಚ್ಚಿ, ಥರ್ಮೋಸ್ಟಾಟ್ ಮುಚ್ಚಳ ತೆಗೆದೆ. ಒಳಗೆ ಥರ್ಮೋಸ್ಟಾಟೇ ಇಲ್ಲ! ಗ್ಯಾಸ್ಕೆಟ್ ಜಾಗದಲ್ಲಿ ಸಿಲಿಕೋನ್ ಮೆತ್ತಿತ್ತು. ಕಳೆದ ಬೇಸಿಗೆಯಲ್ಲಿ ದಾರಿ ಮಧ್ಯೆ ರೇಡಿಯೇಟರ್ ಸೋರಿ ಒಂದು ಕಡೆ ರಿಪೇರಿ ಮಾಡಿಸಿದ್ದೆವು. ಆಗಲೇ ತೆಗೆದಿದ್ದಾರೆ. 'ನಮ್ಮ ಬಿಸಿಲಿಗೆ ಅದು ಬೇಡ, ಗಾಡಿ ಕೂಲಾಗಿರುತ್ತೆ' ಅನ್ನುವ ಮಾತು ಎಷ್ಟೋ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಇದು ತಪ್ಪು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಸೋರಿಕೆ ಇಲ್ಲದೆ, ಫ್ಯಾನ್, ವಾಟರ್ ಪಂಪ್ ಸರಿ ಇದ್ದರೆ ಥರ್ಮೋಸ್ಟಾಟ್ ಇರುವ ಎಂಜಿನ್ ಬೇಸಿಗೆಯಲ್ಲೂ ಕುದಿಯುವುದಿಲ್ಲ. ತೆಗೆದರೆ ಪೆಟ್ರೋಲ್ ದಂಡ, ಎಂಜಿನ್ ಸವೆತ ಬೇರೆ.

ಹೊಸದರ ಮೇಲೆ 82 ಅಂತ ಅಚ್ಚು ಇತ್ತು. ಹಾಕುವ ಮುಂಚೆ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದೆ. ವಾಲ್ವಿನ ಬಾಯಿಗೆ ದಾರ ಸಿಕ್ಕಿಸಿ, ತಳಕ್ಕೆ ತಾಗದಂತೆ ಹಳೆಯ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆ ಹಚ್ಚಿದೆ. ಥರ್ಮಾಮೀಟರ್ 82 ದಾಟುತ್ತಿದ್ದಂತೆ ಒಳಗಿನ ಮೇಣ ಹಿಗ್ಗಿ ವಾಲ್ವ್ ಬಾಯಿ ಬಿಟ್ಟಿತು, ದಾರ ಸಡಿಲವಾಗಿ ಥರ್ಮೋಸ್ಟಾಟ್ ಪುಳಕ್ಕನೆ ತಳಕ್ಕೆ ಬಿತ್ತು. ನೀರು ತಣಿಯುತ್ತಾ ಬಂದಂತೆ ತಾನೇ ಮುಚ್ಚಿಕೊಂಡಿತು.

ಗಾಳಿ ಹೋಗುವ ಪುಟ್ಟ ರಂಧ್ರ ಮೇಲಕ್ಕೆ ಬರುವಂತೆ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ರೇಡಿಯೇಟರ್ ಮುಚ್ಚಳ ತೆರೆದಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಫುಲ್ ಇಟ್ಟು, ಗುಳ್ಳೆ ನಿಲ್ಲುವವರೆಗೆ ಓಡಿಸಿ ಗಾಳಿ ತೆಗೆದೆ. ಈಗ ಹೆದ್ದಾರಿಯಲ್ಲೂ 84–88ರಲ್ಲಿ ನಿಲ್ಲುತ್ತದೆ. ಮೈಲೇಜ್ 14.8.

ಉಳಿದ ಎರಡು ಕಿಲೋಮೀಟರ್

ಇನ್ನೂ ಏನೋ ಹಿಡಿದಿದೆ ಅನ್ನಿಸಿತು. ಸಮತಟ್ಟು ರಸ್ತೆಯಲ್ಲಿ ನ್ಯೂಟ್ರಲ್ ಮಾಡಿದರೆ ಗಾಡಿ ಬೇಗ ನಿಲ್ಲುತ್ತಿತ್ತು. ಬ್ರೇಕ್ ಆದಷ್ಟು ಕಡಿಮೆ ಬಳಸಿ ಒಂದು ಸುತ್ತು ಹೋಗಿ ಬಂದು, ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಮುಂದಿನ ಬಲ ಡಿಸ್ಕ್ 58 ಡಿಗ್ರಿ, ಎಡದ್ದು 117. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಲು ಇರುವ ಸ್ಲೈಡ್ ಪಿನ್ ತುಕ್ಕು ಹಿಡಿದು ಪ್ಯಾಡ್ ಸದಾ ಉಜ್ಜುತ್ತಿತ್ತು. ಪಿನ್ ಉಜ್ಜಿ ತೊಳೆದು ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿದೆ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಬೂಟು ಊದಿಕೊಳ್ಳುತ್ತದೆ. ಪ್ಯಾಡ್ ಒಂದೇ ಕಡೆ ಸವೆದಿದ್ದರಿಂದ ಎರಡೂ ಚಕ್ರಕ್ಕೆ ಹೊಸ ಸೆಟ್ ಹಾಕಿದೆ.

ಈಗ 16.1 ಬರುತ್ತಿದೆ. 17 ಬಾರದ್ದಕ್ಕೆ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲೂ ಒಂದು ಕಾರಣ ಇರಬೇಕು. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಅದನ್ನು ಶೇ. 20 ಬೆರೆಸಿದರೆ ಶುದ್ಧ ಪೆಟ್ರೋಲಿಗಿಂತ ಶೇ. 6–7ರಷ್ಟು ಶಕ್ತಿ ಇಳಿಯುತ್ತದೆ. ಅದನ್ನು ಸ್ಪ್ಯಾನರ್ ಹಿಡಿದು ಸರಿ ಮಾಡಲಾಗದು. ಹಿಂದಿನ ಡ್ರಮ್ಮುಗಳನ್ನು ಇನ್ನೂ ಬಿಚ್ಚಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಬಿಡುತ್ತಿದೆಯೇ ಅಂತ ನೋಡುವುದು ಮುಂದಿನ ಭಾನುವಾರದ ಕೆಲಸ.