ಕೊಣಾಜೆಯ ಗುಡ್ಡದಲ್ಲಿ ಎರಡು ವರ್ಷ

ಪದವಿ ಮುಗಿದ ಮೇಲೆ ಕನ್ನಡ ಎಂ.ಎ.ಗೆ ಮೈಸೂರೋ ಮಂಗಳೂರೋ ಎಂಬ ಚರ್ಚೆ ದಾವಣಗೆರೆಯ ನಮ್ಮ ಮನೆಯಲ್ಲಿ ಬಹಳ ದಿನ ನಡೆಯಿತು. ಮೈಸೂರಿನಲ್ಲಿ ನೆಂಟರಿದ್ದರು, ಮಂಗಳೂರಿನಲ್ಲಿ ಯಾರೂ ಇರಲಿಲ್ಲ. ಆದರೂ, ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಮಂಗಳೂರಿನ ಮಂಗಳಗಂಗೋತ್ರಿಯಲ್ಲಿ ಪಾಡ್ದನ (ತುಳುವಿನ ಕಥನ ಹಾಡು), ಯಕ್ಷಗಾನ, ಭೂತಾರಾಧನೆಗಳನ್ನು ಹಳಗನ್ನಡ ಕಾವ್ಯದಷ್ಟೇ ಗಂಭೀರವಾಗಿ ಅಭ್ಯಸಿಸುತ್ತಾರೆಂದು ತಿಳಿದಿದ್ದರಿಂದ ನಾನು ಅದನ್ನೇ ಆರಿಸಿಕೊಂಡೆ. (ಕಡಲಿನ ಆಸೆಯೂ ಇತ್ತೆಂಬುದನ್ನು ಅಪ್ಪನಿಗೆ ಹೇಳಲಿಲ್ಲ.)

ಕ್ಯಾಂಪಸ್ಸು ಕಡಲ ದಡದಲ್ಲಿಲ್ಲ, ಊರಾಚೆ ಕೊಣಾಜೆಯ ಮುರಕಲ್ಲಿನ ಗುಡ್ಡದ ಮೇಲಿದೆ ಎಂಬುದು ಅಲ್ಲಿಗೆ ಹೋದ ಮೇಲಷ್ಟೇ ತಿಳಿಯಿತು. ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಬಸ್ ಹತ್ತಿದರೆ ನೇತ್ರಾವತಿ ಸೇತುವೆ, ತೊಕ್ಕೊಟ್ಟು, ದೇರಳಕಟ್ಟೆಗಳನ್ನು ದಾಟಿ ಹೋಗಬೇಕು. ಮೊದಲ ದಿನ ನಿರ್ವಾಹಕರು ತುಳುವಿನಲ್ಲಿ "ಪಿರ ಪೋಲೆ" ಎಂದು ಕೂಗಿದಾಗ, ಹಿಂದಕ್ಕೆ ಸರಿಯಬೇಕೆಂದು ತಿಳಿಯದೆ ನಾನು ಟಿಕೆಟ್ಟಿನ ಹಣ ಮುಂದೆ ಚಾಚಿ ಬಾಗಿಲಲ್ಲೇ ನಿಂತಿದ್ದೆ.

ಊಟದ ಕುಚ್ಚಲಕ್ಕಿ ಅನ್ನಕ್ಕೆ ಒಂದು ತಿಂಗಳಲ್ಲಿ ಒಗ್ಗಿಕೊಂಡೆ. ಮಳೆಗೆ ಮಾತ್ರ ಒಗ್ಗಲು ಆಗಲೇ ಇಲ್ಲ. ಜುಲೈನಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಹಸಿಯಾಗಿಯೇ ಇರುತ್ತಿತ್ತು. ಪೆಟ್ಟಿಗೆಯಲ್ಲಿಟ್ಟಿದ್ದ ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು ಹಿಡಿದಿತ್ತು. ಉಡುಪಿ ಕಡೆಯ ನನ್ನ ಸಹಪಾಠಿ ಅದನ್ನು ನೋಡಿ ನಕ್ಕು, ತೆಂಗಿನೆಣ್ಣೆ ಸವರಿಕೊಟ್ಟ.