ಪುಸ್ತಕ ಹಬ್ಬದ ಮಳಿಗೆಗೆ ಒಂದು ಕಡಪ ಕಲ್ಲು

ಕೊಪ್ಪಳದ ಅಶೋಕನ ಶಾಸನಗಳ ಬಗ್ಗೆ ಮಕ್ಕಳಿಗಾಗಿ ಬರೆದ ನನ್ನ ಪುಸ್ತಕ ಗದಗಿನ ಪ್ರೆಸ್‌ನಿಂದ ಅಂತೂ ಬಂತು. 96 ಪುಟ, ಬೆಲೆ 120 ರೂಪಾಯಿ. ಮುಂದಿನ ಕೆಲಸ ನಮ್ಮೂರ ಪುಸ್ತಕ ಹಬ್ಬದಲ್ಲಿ ಮಳಿಗೆ ಹಾಕೋದು. ಹಬ್ಬದವರು ಕೊಡೋದು ಒಂದು ಟೇಬಲ್, ಎರಡು ಕುರ್ಚಿ, ತಲೆಯ ಮೇಲೊಂದು ಬಲ್ಬು. ಉಳಿದದ್ದೆಲ್ಲ ನಮ್ಮದೇ.

ಬ್ಯಾನರ್ ಬೇಗ ಆಯಿತು. ಫ್ಲೆಕ್ಸ್ ಅಂಗಡಿ ಹುಡುಗ "ನಿಮ್ಮ ಫೋಟೊ ದೊಡ್ಡದಾಗಿ ಹಾಕ್ಲೇನ್ರಿ ಸರ್" ಅಂದ. ನಾನೇನು ಎಲೆಕ್ಷನ್‌ಗೆ ನಿಂತಿಲ್ಲಪ್ಪಾ ಅಂತ ಹೇಳಿ, ಶಾಸನ ಇರೋ ಪಾಲ್ಕಿಗುಂಡು ಬೆಟ್ಟದ ಫೋಟೊ ಹಾಕಿಸಿದೆ.

ತಲೆ ತಿಂದದ್ದು ಬೇರೆ ವಿಷಯ. ಊರಲ್ಲಿ ಅಶೋಕನ ಶಾಸನ ಇದೆ ಅಂತ ಎಲ್ಲರಿಗೂ ಗೊತ್ತು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಬೆಟ್ಟ ಹತ್ತಿ ಸೆಲ್ಫಿ ತೆಗೆದುಕೊಳ್ಳುವವರೂ ಜಾಸ್ತಿ. ಬಂಡೆಯ ಮೇಲಿನ ಅಕ್ಷರವನ್ನು ನಿಂತು ನೋಡಿದವರು ಮಾತ್ರ ಅಪರೂಪ. ಪಾಲ್ಕಿಗುಂಡಿನದು ಬಹಳ ಸವೆದಿದೆ, ಗವಿಮಠದ್ದು ಚೆನ್ನಾಗಿ ಉಳಿದಿದೆ. ಎರಡೂ ಗೊತ್ತಾದದ್ದು 1931ರಲ್ಲಿ, ನಾವಿನ್ನೂ ನಿಜಾಮರ ರಾಜ್ಯದಲ್ಲಿದ್ದಾಗ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಜನ "ಹೌದೇನ್ರಿ" ಅಂದು ಮುಂದಿನ ಮಳಿಗೆಗೆ ಹೋಗುತ್ತಾರೆ. ಕೈಗೆ ಏನಾದರೂ ಸಿಗಬೇಕು.

ಶಾಸನದ ಅಚ್ಚು ತೆಗೆಯುವವರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ಕುಳಿಯೊಳಗೆ ಕೂರಿಸುತ್ತಾರೆ. ಆಮೇಲೆ ಮೇಲಿಂದ ಶಾಯಿ ಒತ್ತುತ್ತಾರೆ. ಕುಳಿಗೆ ಶಾಯಿ ತಾಗುವುದಿಲ್ಲ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಳಿಗೆಯಲ್ಲಿ ಇದನ್ನೇ ಮಕ್ಕಳ ಕೈಯಲ್ಲಿ ಮಾಡಿಸೋಣ ಅನಿಸಿತು. ಮೂಲ ಶಾಸನವನ್ನು ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಹಾಗಾಗಿ ನಾಮಫಲಕ ಕೆತ್ತುವವರ ಹತ್ತಿರ ಹೋದೆ. ಅಲ್ಲಿ ಮೂಲೆಯಲ್ಲಿ ಬಿದ್ದಿದ್ದ ಒಂದು ಕಡಪ ಕಲ್ಲಿನ ತುಂಡು ಸಿಕ್ಕಿತು. ಕೆತ್ತಿಸಿದ್ದು ಶಾಸನದ ಬ್ರಾಹ್ಮಿ ಲಿಪಿಯಲ್ಲಿ ಐದೇ ಅಕ್ಷರ: ದೇವಾನಂಪಿಯೇ. ಶಾಸನದ ಶುರುವಿನಲ್ಲೇ ಬರುವ, ದೇವರಿಗೆ ಪ್ರಿಯನಾದವ ಅನ್ನೋ ಅಶೋಕನ ಬಿರುದು. ಕೆತ್ತುವ ಅಣ್ಣ ಅದನ್ನು ತಲೆಕೆಳಗು ಹಿಡಿದು ನೋಡಿ, "ಇದು ಯಾವ ದೇಶದ್ದ್ರಿ?" ಅಂದರು. ನಮ್ಮೂರ ಬೆಟ್ಟದ್ದೇ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಗೆರೆ ಸ್ವಲ್ಪ ಆಳ ಮಾಡಿಸಿದ್ದು ಒಳ್ಳೆಯದಾಯಿತು. ಮಕ್ಕಳ ಕೈಗೆ ಶಾಯಿ ಕೊಟ್ಟರೆ ಪುಸ್ತಕದ ಗತಿ ಏನು? ಅದಕ್ಕೆ ತೆಳು ಕಾಗದ ಹಾಸಿ ಕ್ರೇಯಾನ್ ಅಡ್ಡ ಹಿಡಿದು ತಿಕ್ಕುವುದು ಅಂತ ಮಾಡಿದೆ. ದಪ್ಪ ಕಾಗದದಲ್ಲಿ ಅಕ್ಷರ ಮೂಡುವುದಿಲ್ಲ, ನ್ಯೂಸ್‌ಪ್ರಿಂಟ್ ಹರಿಯುತ್ತದೆ. ಟೈಲರ್‌ಗಳು ಕಟಿಂಗ್‌ಗೆ ಬಳಸುವ ತೆಳು ಹಾಳೆ ಸರಿಹೋಯಿತು.

ಪಕ್ಕದಲ್ಲಿ ಬ್ರಾಹ್ಮಿ ಅಕ್ಷರದ ಪಟ್ಟಿಯೂ ಇದೆ, ಅದನ್ನು ನೋಡಿ ಹೆಸರು ಬರೆಯೋಕೆ. ಕ ಅಂದರೆ ಕೂಡಿಸುವ ಗುರುತು. ಬ ಒಂದು ಚೌಕ. ಗ ಗುಡಿಸಲಿನ ಮಾಡಿನ ಹಾಗೆ. ಥ ಸೊನ್ನೆಯೊಳಗೆ ಚುಕ್ಕಿ. ಗಗನ ಅಂತ ಹೆಸರಿದ್ದವರಿಗೆ ಹಬ್ಬ, ಅರ್ಧ ನಿಮಿಷದ ಕೆಲಸ. ಒತ್ತಕ್ಷರ ನಮ್ಮ ಹಾಗೇ ಕೆಳಗೆ ಬರುತ್ತದೆ, ಮಲ್ಲಮ್ಮನಿಗೂ ತೊಂದರೆ ಇಲ್ಲ. ಳ ಬಂದರೆ ಲ ಬರೆದು ಸುಧಾರಿಸುತ್ತೇನೆ, ತಿಳಿದವರು ಕ್ಷಮಿಸಲಿ.

ಇವತ್ತು ಹಬ್ಬದ ಮೊದಲ ದಿನ. ಬೆಳಗ್ಗೆ ಬಂದವರು ಬರೀ ಪರಿಚಯದವರು. ಅಭಿನಂದನೆ ಹೇಳಿ, ಗೌರವ ಪ್ರತಿ ಕೇಳಿ, ಚಹಾ ಕುಡಿದು ಹೋದರು. ಊರಿನ ಲೇಖಕನಿಗೆ ಗೌರವ ಜಾಸ್ತಿ, ಗಿರಾಕಿ ಕಡಿಮೆ. ಶಾಲೆ ಬಿಟ್ಟ ಮೇಲೆ ಮಾತ್ರ ಕಲ್ಲಿನ ಸುತ್ತ ಜಾಗ ಸಾಲಲಿಲ್ಲ. ಅಕ್ಷರ ಮೂಡಿದ್ದೇ "ಬಂತು, ಬಂತು!" ಅಂತ ಕೂಗು. ಮಗು ಹಾಳೆ ಹಿಡಿದು ನಿಂತಾಗ ಅಪ್ಪ ಅಮ್ಮ ಪುಸ್ತಕ ತಿರುವುತ್ತಾರೆ. ಮಾರಾಟ ಆದದ್ದೆಲ್ಲ ಹೀಗೇ.

ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲೊಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ ಅಂತ ಶಾಸನದಲ್ಲಿ ಅಶೋಕನೇ ಹೇಳಿಕೊಳ್ಳುತ್ತಾನೆ. ಇದನ್ನು ಹೇಳಿದಾಗ ಐದನೇ ಕ್ಲಾಸಿನ ಹುಡುಗಿ ಕೇಳಿದಳು: "ಅಂದ್ರ ರಾಜಾನೂ ಒಂದ್ ವರ್ಷ ಸುಮ್ನ ಕುಂತಿದ್ನೇನ್ರಿ?" ಹೌದವ್ವಾ ಅಂದೆ. ಅವಳಿಗೆ ಬಹಳ ಸಮಾಧಾನ ಆದ ಹಾಗಿತ್ತು.

ನಿವೃತ್ತ ಮೇಷ್ಟ್ರೊಬ್ಬರು "ಇದರಾಗ ಅಶೋಕ ಅಂತ ಎಲ್ಲೈತಿ?" ಅಂತ ಹಿಡಿದರು. ನಮ್ಮೂರ ಎರಡೂ ಶಾಸನದಲ್ಲಿ ಹೆಸರಿಲ್ಲ, ಬಿರುದು ಮಾತ್ರ. ಹೆಸರು ಬೇಕಾದರೆ 1915ರಲ್ಲಿ ಸಿಕ್ಕ ಮಸ್ಕಿ ಶಾಸನ ನೋಡಬೇಕು, ಇಲ್ಲವೇ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳ. ಅವರು ಎರಡು ಪ್ರತಿ ಕೊಂಡರು, ರಿಯಾಯಿತಿ ಕೇಳದೆ!

ಈಗ ಕಪ್ಪು ಕ್ರೇಯಾನ್ ಮುಗಿದಿದೆ, ಎಲ್ಲರಿಗೂ ಅದೇ ಬೇಕು. ನಾಳೆ ಭಾನುವಾರ, ಹಾಳೆ ಡಬಲ್ ತರಬೇಕು. ದುಡ್ಡು ಇಸ್ಕೊಳ್ಳೋಕೆ ತಮ್ಮನ ಮಗಳನ್ನು ಕೂರಿಸುತ್ತೇನೆ. ಗೌರವ ಪ್ರತಿ ಕೇಳಿದವರನ್ನೂ ಅವಳೇ ನೋಡಿಕೊಳ್ಳುತ್ತಾಳಂತೆ.