ಪುಣೆಯ ಆಫರ್, ಕೋಲಾರದ ಲೆಕ್ಕ

ಕೋಲಾರ ಹತ್ತಿರದ ನರಸಾಪುರ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಮಾಡುವ ನಮ್ಮಂಥವರ ಫೋನಿಗೆ ಪುಣೆ, ಚೆನ್ನೈ ಕಡೆಯ ಏಜೆನ್ಸಿಗಳಿಂದ ಕರೆ ಬರುವುದು ಹೊಸದಲ್ಲ. ಹೆಚ್ಚಿನವನ್ನು ಸುಮ್ನೆ ಕೇಳಿ ಇಟ್ಟುಬಿಡುತ್ತೇನೆ. ಈ ಸಲ ಕರೆ ಮಾಡಿದವರು ಸಂಬಳವನ್ನೇ ಮೊದಲು ಹೇಳಿದರು. ವರ್ಷಕ್ಕೆ 6 ಲಕ್ಷ 60 ಸಾವಿರ. ಪುಣೆ ಹತ್ತಿರದ ಚಾಕಣದಲ್ಲಿ ವಾಹನದ ಬಿಡಿಭಾಗ ಮಾಡುವ ಕಂಪನಿ, ಕ್ವಾಲಿಟಿ ವಿಭಾಗ. ಇಲ್ಲಿ ನಾನು ಮಾಡುತ್ತಿರುವುದೂ ಅದೇ ಕೆಲಸ.

ಈಗ ನನಗೆ ಕೈಗೆ ಸಿಗುವುದು ತಿಂಗಳಿಗೆ 31 ಸಾವಿರ. ಆರು ಅರವತ್ತು ಅಂದರೆ ತಿಂಗಳಿಗೆ 55. ಯಾರಿಗಾದರೂ ಕಿವಿ ನೆಟ್ಟಗಾಗುತ್ತದೆ, ಅಲ್ವಾ?

ಹೆಂಡತಿಗೆ ಹೇಳಿದೆ. ಅವಳು ಕೋಲಾರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್. ಹಿಗ್ಗಲೂ ಇಲ್ಲ, ಬೇಡ ಅನ್ನಲೂ ಇಲ್ಲ. "ಮೊದ್ಲು ಹೋಗಿ ಊರು ನೋಡ್ಕೊಂಡು ಬನ್ನಿ. ಬಾಡಿಗೆ ಎಷ್ಟು ಅಂತ ನಾಲ್ಕು ಕಡೆ ಕೇಳಿ. ಲೆಕ್ಕ ಆಮೇಲೆ ಹಾಕೋಣ" ಅಂದಳು.

ಇಂಟರ್ವ್ಯೂ ಭಾನುವಾರ ಇಟ್ಟಿದ್ದರು. ನಾನು ರಜೆ ಹಾಕುವ ಕಷ್ಟ ಬೇಡ ಅಂತ ಇರಬೇಕು ಅಂದುಕೊಂಡು ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದೆ. ಕಾರಣ ಬೇರೆಯೇ ಇತ್ತು. ಪಿಂಪ್ರಿ-ಚಿಂಚ್‌ವಡ, ಚಾಕಣ ಕಡೆಯ ಬಹಳಷ್ಟು ಕಂಪನಿಗಳಿಗೆ ವಾರದ ರಜೆ ಗುರುವಾರ. ಭಾನುವಾರ ಅಲ್ಲಿ ಮಾಮೂಲಿ ಕೆಲಸದ ದಿನ. ಅಂದರೆ ಮಗಳಿಗೆ ಭಾನುವಾರ ರಜೆ, ನನಗೆ ಗುರುವಾರ. ಶಿಫ್ಟ್ ಬೇರೆ ಇರುತ್ತದೆ. ಅಪ್ಪ ಮಗಳು ಒಟ್ಟಿಗೆ ಕೂತು ಊಟ ಮಾಡುವುದು ಹಬ್ಬಕ್ಕೇ ಸರಿ. ಇಂಥದ್ದನ್ನು ಯಾವ ಆಫರ್ ಲೆಟರ್‌ನಲ್ಲೂ ಬರೆದಿರುವುದಿಲ್ಲ.

ಇಂಟರ್ವ್ಯೂ ಚೆನ್ನಾಗಿಯೇ ಆಯಿತು. ಒಂದೇ ಕಡೆ ತಡವರಿಸಿದೆ. ಸಿಎಂಎಂ ಅಂತ ಒಂದು ಯಂತ್ರ ಇರುತ್ತದೆ, ತಯಾರಾದ ಭಾಗವನ್ನು ಮೂರು ದಿಕ್ಕಿನಿಂದಲೂ ಮುಟ್ಟಿ ಅಳತೆ ಹೇಳುವಂಥದ್ದು. ಅದನ್ನು ಓಡಿಸುವುದು ನನಗೆ ಗೊತ್ತು. ಅದಕ್ಕೆ ಪ್ರೋಗ್ರಾಂ ಬರೆಯುವುದು ಅರ್ಧಂಬರ್ಧ. ಅದೊಂದು ಪೂರ್ತಿ ಬಂದಿದ್ದರೆ ಇನ್ನೂ ಒಂದು ಲಕ್ಷದ ಮಾತಾಡಬಹುದಿತ್ತು ಅಂತ ಇಂಟರ್ವ್ಯೂ ಮಾಡಿದವರೇ ಹೇಳಿದರು. ಹೋಗಿ ಬಂದ ಖರ್ಚಿಗೆ ಈ ಒಂದು ಮಾತು ಸಾಕು ಅನ್ನಿಸಿತು.

ಮಧ್ಯಾಹ್ನ ಮನೆ ಹುಡುಕುವ ಕೆಲಸ. ಚಾಕಣ ಪುಣೆ ನಗರದಿಂದ ಸುಮಾರು 30 ಕಿ.ಮೀ. ದೂರ, ನಾಸಿಕಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ರಸ್ತೆಯ ಎರಡೂ ಕಡೆ ಕಂಟೇನರ್ ಲಾರಿಗಳ ಸಾಲು. ತಳೇಗಾಂವ್ ರಸ್ತೆ ಸೇರುವ ಚೌಕದಲ್ಲಿ ಆಟೋ ನಿಂತದ್ದು ನಿಂತೇ ಇತ್ತು. ಬ್ಯಾಚುಲರ್ ಹುಡುಗರಿಗೆ ರೂಮುಗಳು ಬೇಕಾದಷ್ಟಿವೆ. ಸಂಸಾರ ಕಟ್ಟಿಕೊಂಡು ಬರುವವರು ಮೋಶಿ ಕಡೆ ನೋಡಿ ಅಂದರು. ಅಲ್ಲಿ ಒಂದು ಬೆಡ್‌ರೂಮಿನ ಮನೆಗೆ 13 ಸಾವಿರ ಬಾಡಿಗೆ, ಮೇಲೆ ಒಂದೂವರೆ ಸಾವಿರ ಮೆಂಟೆನೆನ್ಸ್. ಮೂರು ತಿಂಗಳ ಅಡ್ವಾನ್ಸ್. ಬ್ರೋಕರಿಗೆ ಒಂದು ತಿಂಗಳದ್ದು. ಹನ್ನೊಂದು ತಿಂಗಳ ಕರಾರು, ಅದನ್ನು ರಿಜಿಸ್ಟರ್ ಮಾಡಿಸಲೇಬೇಕು. ಮಹಾರಾಷ್ಟ್ರದಲ್ಲಿ ಅದು ಕಾನೂನು. ಅಡ್ವಾನ್ಸ್ ವಿಷಯದಲ್ಲಿ ನಮ್ಮ ಬೆಂಗಳೂರಿನವರಿಗಿಂತ ಅವರೇ ವಾಸಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರಿನ ಕಥೆ ಹೇಳಿದರೆ ಆ ಬ್ರೋಕರ್ ನಂಬಲೇ ಇಲ್ಲ.

ಟೀ ಅಂಗಡಿಯಲ್ಲಿ ನನ್ನ ಫೋನ್ ಮಾತು ಕೇಳಿ ಒಬ್ಬರು ಹತ್ತಿರ ಬಂದು ಕೂತರು. ವಿಜಯಪುರ ಜಿಲ್ಲೆ ಇಂಡಿ ಕಡೆಯವರು, ತಗಡು ಒತ್ತಿ ಬಿಡಿಭಾಗ ಮಾಡುವ ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್. ನಾನು ಬಾಡಿಗೆ, ಹಾಲಿನ ರೇಟು ಅಂತೆಲ್ಲ ಕೇಳುತ್ತಾ ಹೋದೆ. ಅವರು ನಕ್ಕರು. "ಪಗಾರ ಹೆಚ್ಚಕಡಿಮಿ ಇದ್ದದ್ದರಿ. ಈ ಕೆಲಸ ಹೋತಂದ್ರ ಮರುದಿನ ಎಷ್ಟ ಗೇಟಿಗೆ ಹೋಗಿ ನಿಂದರ್ತೀರಿ, ಅದನ್ನ ಎಣಿಸ್ರಿ. ಇಲ್ಲಿ ಎಣಿಸಿ ಮುಗಿಯಂಗಿಲ್ಲ ನೋಡ್ರಿ" ಅಂದರು. ಟೀ ದುಡ್ಡೂ ಅವರೇ ಕೊಟ್ಟರು.

ಆ ಮಾತು ಬಸ್ಸಿನಲ್ಲಿ ಇಡೀ ರಾತ್ರಿ ತಲೆಯಲ್ಲಿತ್ತು. ಅವರು ಹೇಳಿದ್ದು ನಿಜ. ಬಜಾಜ್, ಮಹೀಂದ್ರ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಎಲ್ಲವೂ ಅಲ್ಲೇ ಸುತ್ತಮುತ್ತ ಇವೆ. ಒಬ್ಬರಿಗೆ ಆರ್ಡರ್ ಕಮ್ಮಿ ಆದರೆ ಇನ್ನೊಬ್ಬರಿಗೆ ಇರುತ್ತದೆ. ನಮ್ಮ ನರಸಾಪುರದಲ್ಲೂ ಗೇಟುಗಳಿಗೆ ಬರವಿಲ್ಲ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾದ ಮೇಲೆ ಬಿಡಿಭಾಗದ ಕಂಪನಿಗಳು ಒಂದರ ಹಿಂದೆ ಒಂದು ಬಂದವು. ಐಫೋನ್ ಜೋಡಿಸುವ ಕಾರ್ಖಾನೆಯೂ ಇದೆ, 2023ರಲ್ಲಿ ಅದು ವಿಸ್ಟ್ರಾನ್ ಕೈಯಿಂದ ಟಾಟಾ ಕೈಗೆ ಬಂತು. ಪಕ್ಕದ ವೇಮಗಲ್ ಕೂಡ ಬೆಳೆಯುತ್ತಿದೆ. ಆದರೆ ನಾನು ಕಲಿತ ಕೆಲಸ ಲೋಹದ ಬಿಡಿಭಾಗದ್ದು, ಫೋನಿನದ್ದಲ್ಲ. ಬಿಡಿಭಾಗದ ಸಣ್ಣ ಗೇಟುಗಳಲ್ಲಿ ಹೆಚ್ಚಿನವು ಒಂದು ದೊಡ್ಡ ಗೇಟನ್ನು ನಂಬಿಕೊಂಡಿವೆ. ದೊಡ್ಡದರಲ್ಲಿ ಲೈನ್ ನಿಧಾನವಾದರೆ ಸಣ್ಣವುಗಳಲ್ಲಿ ಓವರ್‌ಟೈಮ್ ನಿಲ್ಲುತ್ತದೆ. ಆಮೇಲೆ ಗುತ್ತಿಗೆ ಹುಡುಗರು ಮನೆಗೆ. ಹೀಗೆ ಎಣಿಸಿದರೆ ನನ್ನ ಪಾಲಿಗೆ ಇಲ್ಲಿ ಇರುವ ಗೇಟು ಬೆರಳೆಣಿಕೆಯಷ್ಟು.

ಮಾರನೇ ದಿನ ರಾತ್ರಿ ಮಗಳು ಮಲಗಿದ ಮೇಲೆ ಹೆಂಡತಿ ನೋಟ್‌ಬುಕ್ ಹಿಡಿದು ಕೂತಳು. ಆಫರ್ ಲೆಟರ್ ಮೇಲ್‌ನಲ್ಲಿ ಬಂದಿತ್ತು. ಅವಳು ಅದನ್ನು ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಹಾಗೆ ತಿದ್ದತೊಡಗಿದಳು. 55 ಸಾವಿರದಲ್ಲಿ ಹತ್ತು ಪರ್ಸೆಂಟ್ ವೇರಿಯಬಲ್, ಅಂದರೆ 5,500. ಅದು ವರ್ಷದ ಕೊನೆಗೆ, ಕಂಪನಿಗೆ ಮನಸ್ಸಾದರೆ. ಬೇಸಿಕ್ 22 ಸಾವಿರ, ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ 2,640. ಅದನ್ನೂ ನನ್ನ ಸಂಬಳ ಅಂತಲೇ ತೋರಿಸಿದ್ದರು. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ ಅಂತ ಸಾವಿರ ಚಿಲ್ಲರೆ. ಅದು ಐದು ವರ್ಷ ಅಲ್ಲಿದ್ದರೆ ತಾನೆ! ಆಮೇಲೆ ನನ್ನ ಪಾಲಿನ ಪಿಎಫ್ ಇನ್ನೊಂದು 2,640, ವೃತ್ತಿ ತೆರಿಗೆ 200. ಪುಣ್ಯಕ್ಕೆ ಈ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಕೊನೆಗೆ ಕೈಗೆ ಉಳಿದದ್ದು 43 ಸಾವಿರ.

"ಹೆಚ್ಚಾಗೋದು ಹನ್ನೆರಡು. ನಾನು ಕೆಲಸ ಬಿಟ್ರೆ ಹೋಗೋದು ಹದಿನಾಲ್ಕು" ಅಂದಳು.

ಅಷ್ಟರಲ್ಲೇ ಎರಡು ಸಾವಿರ ಮೈನಸ್. ಬಾಡಿಗೆಯ ಮಾತು ಇನ್ನೂ ಬಂದಿರಲಿಲ್ಲ. ಪುಣೆಯಲ್ಲಿ ಕನ್ನಡ ಸಂಘ ನಡೆಸುವ ಶಾಲೆ ಇದೆಯಲ್ಲ ಅಂದೆ. ಮೋಶಿಯಿಂದ ದಿನಾ ಅಲ್ಲಿಗೆ ಹೋಗಿ ಬರುವುದು ಹೇಗೆ, ಮಗಳನ್ನು ನೋಡುವವರು ಯಾರು ಅಂತ ಕೇಳಿದಳು. ನಾನು ಬೇರೆ ಮಾತು ತೆಗೆದೆ.

ಈಗಿನ ಮನೆ ಭೋಗ್ಯಕ್ಕೆ ಹಾಕಿಕೊಂಡಿರುವುದು. ಐದು ಲಕ್ಷ ಕೊಟ್ಟಿದ್ದೇವೆ, ತಿಂಗಳ ಬಾಡಿಗೆ ಇಲ್ಲ. ಬಾಡಿಗೆ ಸೊನ್ನೆ ಅಂತ ನಾನು ಬರೆಯಹೋದರೆ ಅವಳು ಪೆನ್ನು ಕಿತ್ತುಕೊಂಡಳು. ಆ ದುಡ್ಡು ಬ್ಯಾಂಕಿನಲ್ಲಿದ್ದರೆ ಏಳು ಪರ್ಸೆಂಟಿನ ಹಾಗೆ ತಿಂಗಳಿಗೆ 2,900 ಬಡ್ಡಿ ಬರುತ್ತಿತ್ತು, ಅದೇ ನಮ್ಮ ಬಾಡಿಗೆ ಅಂದಳು. ಸರಿ, 2,900. ಅಲ್ಲಿ 14,500.

ಆಮೇಲೆ ಬಂದವು ಸಂಬಳದ ಚೀಟಿಯಲ್ಲಿ ಕಾಣದ ಬಾಬತ್ತುಗಳು. ಗೃಹಜ್ಯೋತಿಯಿಂದ ನಮ್ಮ ಕರೆಂಟ್ ಬಿಲ್ ಸೊನ್ನೆ. ಶಕ್ತಿ ಯೋಜನೆಯಿಂದ ಅವಳು ಶಾಲೆಗೆ, ತವರಿಗೆ ಹೋಗಿ ಬರುವುದಕ್ಕೆ ಬಸ್ ಚಾರ್ಜ್ ಇಲ್ಲ. ಗಡಿ ದಾಟಿದರೆ ಎರಡೂ ಇಲ್ಲ. ಗೃಹಲಕ್ಷ್ಮಿ ದುಡ್ಡು ಊರಿನಲ್ಲಿ ಅಮ್ಮನ ಹೆಸರಿಗೆ ಬರುತ್ತದೆ, ಅದಕ್ಕೇನೂ ಧಕ್ಕೆ ಇಲ್ಲ. ಶ್ರೀನಿವಾಸಪುರದ ಕಡೆ ನಮ್ಮ ಹಳ್ಳಿ. ವರ್ಷದ ರಾಗಿ ಅಲ್ಲಿಂದ ಬರುತ್ತದೆ. ಹುರುಳಿ, ಹುಣಸೆಹಣ್ಣು, ಕಾಲಕ್ಕೆ ಮಾವು, ಅವರೆಕಾಯಿ ಎಲ್ಲವೂ ಬರುತ್ತವೆ. ಶಾಲೆಗೆ ರಜೆ ಬಂದರೆ ಮಗಳು ಅಮ್ಮನ ಹತ್ತಿರ. ಇಲ್ಲೇನು ಎಲ್ಲವೂ ಅಗ್ಗ ಅಂತಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ನಾವೂ ಸುರಿಯುತ್ತೇವೆ. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಬಿಡುವ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದಿದ್ದರೂ ಮನೆಯ ತೊಟ್ಟಿಗೆ ಅದು ಬರುವುದಿಲ್ಲವಲ್ಲ. ಆದರೂ ಎಲ್ಲ ಕೂಡಿ ಕಳೆದರೆ ಪುಣೆಯಲ್ಲಿ ನಾವು ಈಗಿನ ಹಾಗೇ ಬದುಕಲು ಕೈಗೆ 60 ಸಾವಿರಕ್ಕೂ ಮೇಲೆ ಬೇಕು.

ಒಬ್ಬನೇ ಹೋಗುವುದನ್ನೂ ಲೆಕ್ಕ ಹಾಕಿದೆವು. ಹಂಚಿಕೊಂಡ ರೂಮಿನಲ್ಲಿ ಒಂದು ಮಂಚಕ್ಕೆ ನಾಲ್ಕೂವರೆ ಸಾವಿರ, ಮೆಸ್ಸಿಗೆ ನಾಲ್ಕು, ಓಡಾಟ ಚಿಲ್ಲರೆಗೆ ಮೂರು, ತಿಂಗಳಿಗೊಮ್ಮೆ ಊರಿಗೆ ಬರಲು ಇನ್ನೊಂದು ಮೂರು. ಮನೆಗೆ ಕಳಿಸಲು ಉಳಿಯುವುದು 28 ಸಾವಿರ ಚಿಲ್ಲರೆ. ಈಗಿನ 31ಕ್ಕಿಂತ ಕಮ್ಮಿ! ಇಬ್ಬರೂ ನಕ್ಕುಬಿಟ್ಟೆವು.

ಇನ್ನೂ ಸಣ್ಣಪುಟ್ಟ ಬಾಬತ್ತುಗಳಿದ್ದವು. ಅಲ್ಲಿನ ಶಾಲೆಗಳಲ್ಲಿ 2020ರ ಕಾನೂನಿನ ಪ್ರಕಾರ ಮರಾಠಿ ಕಡ್ಡಾಯ. ಎರಡನೇ ಕ್ಲಾಸಿನ ಮಕ್ಕಳು ಬೇಗ ಕಲಿಯುತ್ತವೆ, ಅದು ದೊಡ್ಡದಲ್ಲ. ಕೆಎ-07 ಬೈಕನ್ನು ಹನ್ನೆರಡು ತಿಂಗಳಿಗಿಂತ ಜಾಸ್ತಿ ಅಲ್ಲಿ ಇಟ್ಟರೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು ಅಲ್ಲಿ ಹೊಸ ನಂಬರ್ ಮಾಡಿಸಬೇಕು. ಗ್ರಾಚ್ಯುಟಿ ಮಾತ್ರ ಚುಚ್ಚಿತು. ಈಗಿನ ಕಂಪನಿಯಲ್ಲಿ ನನಗೆ ಐದು ವರ್ಷ ತುಂಬಲು ಇನ್ನು ಕೆಲವೇ ತಿಂಗಳು. ಬೇಸಿಕ್ 16 ಸಾವಿರದ ಲೆಕ್ಕದಲ್ಲಿ ಹತ್ತಿರತ್ತಿರ 46 ಸಾವಿರ ಸಿಗಬೇಕು. ಈಗಲೇ ಬಿಟ್ಟರೆ ಅದೂ ಹೋಯಿತು.

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೆ ಬೇಡ ಅಂದು ಮಲಗಬಹುದಿತ್ತು. ಹೆಂಡತಿಗೇ ಸಮಾಧಾನವಿಲ್ಲ. ಅವಳು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಮಾವ ಚಿನ್ನದ ಗಣಿಯಲ್ಲಿದ್ದವರು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆಮೇಲೆ ಮಾವ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸ ಮಾಡಿದರು. ರಾತ್ರಿ ಮನೆಗೆ ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತಿದ್ದರು. ಇಂದಿಗೂ ಕೆಜಿಎಫ್‌ನಿಂದ ಸಾವಿರಾರು ಜನ ಹಾಗೇ ಹೋಗಿ ಬರುತ್ತಾರೆ. ಟೀ ಅಂಗಡಿಯಲ್ಲಿ ಸಿಕ್ಕ ಇಂಡಿಯವರ ಮಾತು ಹೇಳಿದಾಗ ಅವಳು ಸ್ವಲ್ಪ ಹೊತ್ತು ನೋಟ್‌ಬುಕ್ ಬದಿಗಿಟ್ಟಳು. ನಮ್ಮೂರಲ್ಲಿ ಒಂದೇ ಗೇಟಿತ್ತು ಅಂದಳು.

ಮಾವನಿಗೆ ಫೋನ್ ಮಾಡಿದೆವು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡು ಅವರು ಪುಣೆಯ ಸುದ್ದಿಯನ್ನೇ ಎತ್ತಲಿಲ್ಲ. "ನೋಡಪ್ಪಾ, ಕೋಲಾರದಲ್ಲೇ ಯಾಕೆ ಕೂತಿದ್ದೀರಿ? ಮಾಲೂರು ನೋಡಿ. ರೈಲಿದೆ" ಅಂದರು. ನಾಲ್ಕು ಸಲ ಅದನ್ನೇ ಹೇಳಿದರು. ರೈಲಿದೆ, ರೈಲಿದೆ.

ಅದನ್ನು ಬಿಡಿಸಿ ನೋಡಿದರೆ ಮುದುಕರ ಮಾತಿನಲ್ಲಿ ತುಂಬಾ ತೂಕವಿತ್ತು. ಕೋಲಾರ ಇರುವುದು ಬಂಗಾರಪೇಟೆ–ಚಿಕ್ಕಬಳ್ಳಾಪುರದ ಕವಲು ದಾರಿಯಲ್ಲಿ, ರೈಲು ಕಮ್ಮಿ. ಮಾಲೂರು ಬೆಂಗಳೂರು–ಚೆನ್ನೈ ಮುಖ್ಯ ದಾರಿಯಲ್ಲಿದೆ. ವೈಟ್‌ಫೀಲ್ಡ್ ಕಡೆಗೆ ರೈಲು. ನರಸಾಪುರ ದೂರವಲ್ಲ. ಇನ್ನೊಂದು ಕಡೆ ಹೊಸೂರು. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟನ್ ಇರುವ ಊರು, ಬಿಡಿಭಾಗದ ಕಂಪನಿಗಳು ಲೆಕ್ಕವಿಲ್ಲ. ನಾನು ತಮಿಳುನಾಡಿನಲ್ಲಿ ದುಡಿದು ಕರ್ನಾಟಕದಲ್ಲಿ ಮಲಗಬಹುದು. ಹೆಂಡತಿಯ ಕನ್ನಡಕ್ಕೆ ಕೆಲಸ ಇದ್ದೇ ಇರುತ್ತದೆ. ರಾಗಿ ಮೂಟೆಯೂ ತಪ್ಪದೆ ಬರುತ್ತದೆ.

ಪುಣೆಯವರಿಗೆ ಎರಡು ಷರತ್ತು ಬರೆದೆ. ವೇರಿಯಬಲ್ ಅನ್ನು ತಿಂಗಳ ಸಂಬಳಕ್ಕೆ ಸೇರಿಸಿ, ಗ್ರಾಚ್ಯುಟಿಯ ಐದು ವರ್ಷ ತುಂಬುವವರೆಗೆ ಕಾಯಿರಿ. ಎರಡಕ್ಕೂ ಆಗುವುದಿಲ್ಲ ಅಂತ ಅವತ್ತು ಸಂಜೆಯೇ ಉತ್ತರ ಬಂತು. ನಾನೂ ಥ್ಯಾಂಕ್ಸ್ ಹೇಳಿ ಮುಗಿಸಿದೆ.

ಈಗ ಶಿಫ್ಟ್ ಮುಗಿದ ಮೇಲೆ ಒಂದು ಗಂಟೆ ಸಿಎಂಎಂ ರೂಮಿನಲ್ಲಿ ಕೂರುತ್ತೇನೆ. ಅಲ್ಲಿನ ಹುಡುಗ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುತ್ತಾನೆ, ನಾನು ಅವನಿಗೆ ಬಂಗಾರಪೇಟೆ ಪಾನಿಪುರಿ ಕೊಡಿಸುತ್ತೇನೆ. ಹೆಂಡತಿ ಮಾಲೂರಿನ ಎರಡು ಶಾಲೆಗಳಿಗೆ ಅರ್ಜಿ ಹಾಕಿದ್ದಾಳೆ. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಮನೆ ಭೋಗ್ಯಕ್ಕಿದೆ. ಓನರ್ ಏಳು ಲಕ್ಷ ಕೇಳುತ್ತಿದ್ದಾರೆ. ನಾವು ಆರಕ್ಕೆ ನಿಂತಿದ್ದೇವೆ.